ಕಂಬಳಿ ಗದ್ದುಗೆ ಹಾಕಿದವನನ್ನು 'ಒರಟು' ಎಂದವರಿಗೆ

ಅಣ್ಣಾ,

1940ರ ಬೇಸಿಗೆಯಲ್ಲಿ ಹುಮನಾಬಾದಿನ ಕನ್ನಡ ಶಾಲೆಯನ್ನು ನಿನ್ನ ಕೈಯಿಂದ ಕಿತ್ತುಕೊಂಡರು. ಕಿತ್ತುಕೊಂಡದ್ದು ನಿಜಾಮರ ಸರಕಾರವಲ್ಲ, ಪೊಲೀಸರೂ ಅಲ್ಲ. ಕನ್ನಡವನ್ನು ಕಾಪಾಡಲೆಂದೇ ಹುಟ್ಟಿದ ಒಂದು ಸಂಘ. ಕಾರಣವೆಂದು ಅವರು ಬರೆದದ್ದು ಒಂದೇ ಮಾತು: 'ಮಾಸ್ತರರು ಒರಟು ಮನುಷ್ಯ.' ಆಮೇಲೆ ನೀನು ಆರು ವರ್ಷ ಬದುಕಿದ್ದೆ. ಆ ಆರು ವರ್ಷವೂ ಆ ಮಾತು ನಿನ್ನ ಹೆಸರಿಗೆ ಅಂಟಿಕೊಂಡೇ ಇತ್ತು. ನೀನು ಒಮ್ಮೆಯೂ ಉತ್ತರ ಕೊಡಲಿಲ್ಲ, ನಮಗೂ ಕೊಡಗೊಡಲಿಲ್ಲ. ಈಗ ನಾನು ಬಾಯಿ ತೆರೆಯಬೇಕೆಂದಿದ್ದೇನೆ. ತೆರೆಯುವ ಮೊದಲು ನಿನಗೆ ತಿಳಿಸದಿದ್ದರೆ ಹೇಗೆ? ಅದಕ್ಕೇ ನಿನ್ನ ತಂಗಿ ಗುರವ್ವ ಬರೆಯುತ್ತಿದ್ದೇನೆ.

ಚನ್ನಬಸಪ್ಪ ಸಾಹುಕಾರರ ಅಡತಿ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ನೀನು ಮೊದಲ ಸಲ ಮಕ್ಕಳನ್ನು ಕೂಡಿಸಿದ ದಿನ ನನ್ನ ಕಣ್ಣ ಮುಂದಿದೆ. ಶೇಂಗಾ ಚೀಲಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿದ್ದೆವು. ಸರಕಾರಿ ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಮಕ್ಕಳಿಗೆ ಓದಲು ಬರುವ ಭಾಷೆ ಅಮ್ಮನಿಗೆ ತಿಳಿಯದು, ಅಮ್ಮನ ಭಾಷೆ ಅವಕ್ಕೆ ಓದಲು ಬಾರದು. ಖಾಸಗಿ ಶಾಲೆ ತೆರೆಯಬೇಕಾದರೆ ಸರಕಾರದ ಅಪ್ಪಣೆ, ಇಜಾಜತ್, ಬೇಕಿತ್ತು. ನೀನು ಅರ್ಜಿ ಹಾಕಿದ್ದೆ, ಉತ್ತರ ಬಂದಿರಲಿಲ್ಲ. ಬೀದಿಯಲ್ಲಿ ಬೂಟಿನ ಸಪ್ಪಳ ಕೇಳಿದರೆ ಮಕ್ಕಳ ದನಿ ತಾನಾಗಿ ತಗ್ಗುತ್ತಿತ್ತು. ಆಗ ನೀನು ಕೂಗುತ್ತಿದ್ದೆ: "ಯಾಕ್ರೋ, ಗಂಟಲ ಕಟ್ಟೇತೇನು? ಸಣ್ಣ ದನಿಯಾಗ ಓದಿದ್ರ ಕಳವು ಮಾಡಿದಂಗ ಆಗ್ತದ. ಜೋರ ಓದ್ರಿ, ಬಾಜಾರದ ತನಕಾ ಕೇಳಲಿ!" ಅದನ್ನು ಕೇಳಿ ಸಾಹುಕಾರರು ಅಂಗಡಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಬಾಗಿಲ ಬಳಿ ನಿಂತು ಬೀದಿ ನೋಡುತ್ತಿದ್ದೆ. ಬೂಟು ನಿಂತರೆ? ಒಳಗೆ ಬಂದರೆ?

ಮಲ್ಲವ್ವ ಮಗಳನ್ನು ಬಿಡಿಸಿಕೊಂಡು ಹೋಗಲು ಬಂದ ಬೆಳಗು ಇನ್ನೊಂದು. ನಿನಗೆ ನಯವಾಗಿ ಮಾತಾಡಲು ಬರುತ್ತಿರಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಬಾಗಿಲಲ್ಲೇ ಗುಡುಗಿದೆ: "ಏನಬೇ ಮಲ್ಲವ್ವಾ, ಹುಡುಗಿಗೆ ನಾಕ ಅಕ್ಷರ ಬಂದ್ರ ನಿನ್ನ ರೊಟ್ಟಿ ಹೊತ್ತತಾವೇನು?"

"ರೊಟ್ಟಿ ಹೊತ್ತಿದ್ರ ತಿರುವಿ ಹಾಕಬಹುದ್ರಿ ಮಾಸ್ತರ. ಮನ್ಯಾಗ ಗಂಡ ಹೊತ್ತಾಕತ್ತಾನ."

"ಹೊತ್ತಲಿ. ಸಂಜೀಕ ಬಂದು ನಾ ಒಂದು ಕೊಡ ನೀರ ಹೊಡಿತೇನಿ. ಹುಡುಗೀನ ಒಳಗ ಕಳಸು!"

ಮಲ್ಲವ್ವ ಸೆರಗು ಬಾಯಿಗಿಟ್ಟು ನಕ್ಕಳು. ಹುಡುಗಿ ಒಳಗೆ ಬಂದಳು. ಸಂಜೆ ನೀನು ನಿಜವಾಗಿಯೂ ಅವರ ಮನೆಗೆ ಹೋದೆ. ನೀರು ಹೊಡೆಯಲಿಲ್ಲ, ಆ ಗಂಡನ ಜತೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಬಂದೆ. ಇದು ಒರಟುತನವೇ, ಅಣ್ಣಾ? ಆಗಿದ್ದರೆ ನಯದಿಂದ ಯಾವ ಹುಡುಗಿ ಒಳಗೆ ಬರುತ್ತಿದ್ದಳು?

ಸಂಘದ ಅಧ್ಯಕ್ಷರು ಬರುತ್ತಾರೆಂದು ಗುಲಬರ್ಗಾದಿಂದ ಸುದ್ದಿ ಬಂದಾಗ ನೀನು ಆ ಪಡಸಾಲೆಯನ್ನು ಮೂರು ಸಲ ಸಾರಿಸಿದೆ. ಅವರು ದೊಡ್ಡ ವಿದ್ವಾಂಸರು, ಹೈದರಾಬಾದಿನ ಅಧಿಕಾರಿಗಳಿಗೂ ಬೇಕಾದವರು. ಅವರ ಸಂಘ ನಮ್ಮ ಶಾಲೆಯನ್ನು ತನ್ನದೆಂದು ಸೇರಿಸಿಕೊಂಡರೆ ಇಜಾಜತ್ ಸಿಗುತ್ತದೆ, ಪುಸ್ತಕ ಬರುತ್ತವೆ, ಬೂಟಿನ ಸಪ್ಪಳಕ್ಕೆ ಹೆದರುವುದು ತಪ್ಪುತ್ತದೆ. ಸೇರಿಸಿಕೊಳ್ಳದಿದ್ದರೆ... ಆ ಮಾತನ್ನು ಯಾರೂ ಆಡಲಿಲ್ಲ. ಅವರನ್ನು ಎಲ್ಲಿ ಕೂಡಿಸುವುದು ಎಂಬ ಚರ್ಚೆ ಬಂತು. ಸಾಹುಕಾರರ ಮನೆಯಲ್ಲಿ ಬಣ್ಣದ ಹೂವಿನ ಮೆತ್ತನೆಯ ಜಮಖಾನೆ ಇತ್ತು, ಕುರ್ಚಿಯೂ ಇತ್ತು. "ಇವನ್ನ ಹಾಕೋಣೇನ್ರಿ ಮಾಸ್ತರ?" ಎಂದರು. ಅವರು ಆಡಬಾರದ್ದನ್ನು ಆಡಿದಂತೆ ನೀನು ನೋಡಿದೆ. "ಅವು ಪೊಲೀಸ ಠಾಣೇದ ಅಮೀನ ಸಾಬರಿಗೆ ಇರಲಿ. ಕನ್ನಡದ ಹಿರೇರು ಬರಾಕತ್ತಾರ್ರಿ, ಜಮಖಾನಿ ಮ್ಯಾಲ ಕೂಡಸ್ತೀರೇನು? ಗದ್ದುಗಿ ಹಾಕಬೇಕು."

ಗದ್ದುಗೆ ಎಂದರೆ ಏನೆಂದು ನಮ್ಮಲ್ಲಿ ಯಾರಿಗೆ ಬಿಡಿಸಿ ಹೇಳಬೇಕು? ಸ್ವಾಮಿಗಳು ಬಂದರೆ, ನ್ಯಾಯ ಹೇಳುವ ಹಿರಿಯರು ಕೂತರೆ, ಮದುವೆಯಲ್ಲಿ ಹಸೆಮಣೆಗೂ ಮೊದಲು, ಹಾಸುವುದು ಕರಿಯ ಕಂಬಳಿ. ಅದೂ ಮನೆಯಲ್ಲಿ ಹೊದ್ದು ಮೆತ್ತಗಾದದ್ದಲ್ಲ. ಮಗ್ಗದಿಂದ ಇಳಿದು ಹುಣಸೆಬೀಜದ ಗಂಜಿ ಕುಡಿದ, ನೀರು ಕಾಣದ, ಯಾರ ಮೈಯೂ ತಾಗದ ಕಂಬಳಿ. ಮುಟ್ಟಿದರೆ ಚುಚ್ಚಬೇಕು. ಚುಚ್ಚಿದಷ್ಟೂ ಮರ್ಯಾದೆ, ನಿಮಗಿಂತ ಮೊದಲು ಇಲ್ಲಿ ಯಾರೂ ಕೂತಿಲ್ಲ ಎಂದು ಆ ಕೂದಲೇ ಸಾಕ್ಷಿ ಹೇಳಬೇಕು. ದುಬಲಗುಂಡಿಯಿಂದ ಕುರುಬರ ಬೀರಪ್ಪಜ್ಜ ಅಂಥದೊಂದನ್ನು ತಾನೇ ನೇಯ್ದು, ಹೆಗಲ ಮೇಲಿಟ್ಟುಕೊಂಡು ನಡೆದು ಬಂದ. ಹಾಸಲು ನಾನು ಕೈ ಚಾಚಿದರೆ, "ನೀ ಸರಿಯವ್ವ ತಾಯಿ, ಇದು ಹಾಸಿಗಿ ಅಲ್ಲ" ಎಂದು ತಾನೇ ಮೊಣಕಾಲೂರಿ ಹಾಸಿದ. ನಾಲ್ಕು ಮೂಲೆಗೆ ದೇವರ ಅರಿಶಿನ, ಭಂಡಾರ, ಇಟ್ಟ. ಆಮೇಲೆ ದೂರ ನಿಂತು ಕೈ ಮುಗಿದ, ಇನ್ನೂ ಯಾರೂ ಕೂತಿರದ ಕಂಬಳಿಗೆ.

ಅಧ್ಯಕ್ಷರು ಮೋಟಾರಿನಿಂದ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಿಳಿ ಮಲ್ಲಿನ ಧೋತರ, ಜರಿಯ ಅಂಚು, ಮೈತುಂಬ ದಾರಿಯ ಧೂಳು. ಅವರಿಗಿಂತ ಮೊದಲೇ ಅಮೀನ ಸಾಬರು ಬಂದು ಕುರ್ಚಿಯಲ್ಲಿ ಕೂತಿದ್ದರು. ಸಭೆ ಎಂದಮೇಲೆ ಪೊಲೀಸಿನವರು ಕೂತು ಕೇಳುವುದು ಆಗಿನ ಕಾಯಿದೆ. ಕುರ್ಚಿಯ ಮೇಲೆ, ಕಾಲ ಕೆಳಗೆ, ಸಾಹುಕಾರರ ಹೂವಿನ ಜಮಖಾನೆ. ನೀನು ಅತಿಥಿಗಳನ್ನು ಕೈ ಹಿಡಿದು ಕರೆತಂದು ಕಂಬಳಿಯ ಮೇಲೆ ಕೂಡಿಸಿದೆ. ಆಗ ಅಮೀನ ಸಾಬರು ಮೀಸೆಯಲ್ಲಿ ನಗುತ್ತ ಅಂದದ್ದು ಹೆಂಗಸರ ಕಡೆಗೂ ಕೇಳಿಸಿತು:

"ಅರೇ ಮಾಸ್ತರ್ ಸಾಬ್, ಮೆಹಮಾನರಿಗೆ ಗದ್ದುಗಿ, ನನಗ ಬರೇ ಜಮಖಾನಾ? ನಮ್ಮ ಇಜ್ಜತ್ ಇಷ್ಟಽ ಏನ್ರಿ?"

"ನೀವು ದಿನಾ ಬರ್ತೀರಲ್ರಿ ಸಾಬ್! ದಿನಾ ಬರೋರಿಗೆ ಯಾರು ಗದ್ದುಗಿ ಹಾಕ್ತಾರ್ರಿ?"

ಪಡಸಾಲೆ ನಕ್ಕಿತು. ಅಮೀನರೂ ನಕ್ಕರು. ದಿನವೂ ಬೇಹಿಗೆ ಬರುವವರಿಗೆ ನೀನು ಕೊಟ್ಟ ಪೆಟ್ಟು ಅವರಿಗೆ ತಿಳಿಯದೆ ಇರಲಿಲ್ಲ, ಆದರೂ ನಕ್ಕರು. ನಗದವರು ಒಬ್ಬರೇ. ಅತಿಥಿಗಳು ಒಂದು ಮಗ್ಗುಲು ಎತ್ತಿ ಇನ್ನೊಂದು ಮಗ್ಗುಲಿಗೆ ವಾಲಿದರು. ಆ ತೆಳುವಾದ ಧೋತರದಲ್ಲಿ ಹೊಸ ಕಂಬಳಿಯ ಕೂದಲು ತಡೆಯಲು ಬಟ್ಟೆ ಎಲ್ಲಿತ್ತು? ಭಂಡಾರದ ಹಳದಿ ಜರಿಯಂಚಿಗೆ ಹತ್ತಿತು. ಅವರು ಅದನ್ನು ಬೆರಳಿನಿಂದ ಕೊಡವಿದರು. ಕೊಡವಿದಷ್ಟೂ ಹರಡಿತು. ಕಂಬದ ಮರೆಯಲ್ಲಿದ್ದ ನಾನು ಆ ಬೆರಳನ್ನೇ ನೋಡುತ್ತಿದ್ದೆ. ನನಗೆ ಎಲ್ಲೋ ಏನೋ ತಪ್ಪಿದೆ ಅನಿಸಿತು, ಏನೆಂದು ಮಾತ್ರ...

ಅಧ್ಯಕ್ಷರು ಮಾತಿಗೆ ಎದ್ದು ನಿಂತರು. "ಇಲ್ಲಿಗೆ ಬಂದಮೇಲೆ ನನಗೊಂದು ವಿಷಯ ಸ್ಪಷ್ಟವಾಯಿತು. ನಿಮ್ಮ ಕನ್ನಡವೂ ಈ ಕಂಬಳಿಯ ಹಾಗೆಯೇ ಇದೆ" ಎಂದರು. ಅಣ್ಣಾ, ಮುಂದಿನದನ್ನು ನೆನೆದರೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಜನ ಚಪ್ಪಾಳೆ ತಟ್ಟಿದರು! ನಮ್ಮ ಮಾತನ್ನು ಗದ್ದುಗೆಗೆ ಹೋಲಿಸಿದರಲ್ಲ, ಇದಕ್ಕಿಂತ ದೊಡ್ಡ ಹೊಗಳಿಕೆ ಉಂಟೇ? ಬೀರಪ್ಪಜ್ಜನ ಕಣ್ಣಲ್ಲಿ ನೀರು. ಅವರು ದನಿ ಏರಿಸಿ, "ಒರಟು! ಬಹಳ ಒರಟು!" ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಹೊಸ ಕಂಬಳಿ ಒರಟಾಗದೆ ಮತ್ತೇನಾದೀತು? ಹಿಂದಿನಿಂದ ಯಾರೋ, "ಖರೇ ಹೇಳಿದ್ರಿ ಯಪ್ಪಾ!" ಎಂದು ಕೂಗಿದರು. ಅಧ್ಯಕ್ಷರು ತುಟಿ ಬಿಗಿದು ಸುತ್ತ ನೋಡಿದರು. ತಮ್ಮನ್ನು ಊರಿಗೆ ಊರೇ ಗೇಲಿ ಮಾಡುತ್ತಿದೆ ಎಂದು ಅವರಿಗೆ ಅನಿಸಿರಬೇಕು. ಮಾತು ಅಲ್ಲಿಗೇ ಮುಗಿಯಿತು. ಹೋಳಿಗೆ ಮಾಡಿಟ್ಟಿದ್ದೆವು; ಊಟಕ್ಕೆ ಕೂಡದೆ ಮೋಟಾರು ಹತ್ತಿದರು. ನೀನು ಬೀದಿಯ ಕೊನೆಯವರೆಗೆ ಹಿಂದೆ ಹಿಂದೆ ಹೋದೆ. "ಏನ ತಪ್ಪಾತ್ರಿ? ಹೇಳ್ರಿ, ಏನ ತಪ್ಪಾತು?" ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಸಂಘದ ಮಾಸಪತ್ರಿಕೆ ಬಂದ ದಿನ ಸಾಹುಕಾರರು ಅಂಗಡಿಯ ಮೆಟ್ಟಿಲಲ್ಲಿ ನಿಂತು ಗಟ್ಟಿಯಾಗಿ ಓದಲು ಶುರುಮಾಡಿದರು. ಎರಡನೆಯ ಸಾಲಿಗೆ ದನಿ ಇಳಿಯಿತು. ಸರಕಾರದ ನೌಕರನಿಗೆ ಜಮಖಾನೆ ಹಾಸಿ ಕನ್ನಡದ ಸೇವಕನನ್ನು ದನಗಾಹಿಗಳ ಕಂಬಳಿಯ ಮೇಲೆ ಕೂಡಿಸಿದರೆಂದು ಅದರಲ್ಲಿತ್ತು. ನಿನ್ನ ಹೆಸರಿನ ಮುಂದೆ 'ಒರಟು ಮನುಷ್ಯ, ಎಳೆಯರಿಗೆ ಕಲಿಸಲು ತಕ್ಕವನಲ್ಲ' ಎಂದಿತ್ತು. ಹೊಸ ಮಾಸ್ತರರನ್ನು ಕಳಿಸಿ ಶಾಲೆಯನ್ನು ಸಂಘವೇ ನಡೆಸುತ್ತದೆ, ನೀನು ಕೀಲಿ ಒಪ್ಪಿಸಬೇಕು ಎಂಬುದು ಕೊನೆಯ ಸಾಲು. ನನಗೆ ಮೈ ಉರಿಯಿತು. "ಅವರಿಗೆ ಗದ್ದುಗಿ ಅಂದ್ರ ಏನಂತ ಗೊತ್ತಿಲ್ಲಣ್ಣಾ. ಹಿಂಗಿಂಗ ಅಂತ ಬರೆದು ತಿಳಸು. ಇವತ್ತಽ ಬರಿ" ಎಂದೆ.

"ಏನಂತ ಬರೀಲಿ ಗುರವ್ವಾ? ನಾ ನಿಮಗ ಮಾನ ಕೊಟ್ಟಿದ್ದೆ, ಇದು ಅದರ ಅರ್ಥ ನೋಡ್ರಿ ಅಂತ ಬರೀಲೇನು? ಕೊಟ್ಟ ಮಾನಕ್ಕ ಅರ್ಥಾ ಹೇಳಕೋತ ಕೂತ್ರ ಅದು ಮಾನ ಉಳಿತದೇನು?"

"ನಿನ್ನ ಶಾಲಿ ಹೋಗಾಕತ್ತದ!"

"ಶಾಲಿ ನಡೀಲಿ. ಯಾರ ಕೈಯಾಗಾದ್ರೂ ನಡೀಲಿ" ಎಂದು ನೀನು ಕೀಲಿಯನ್ನು ಸಾಹುಕಾರರ ಮುಂದಿಟ್ಟು ಹೊರಟೆ. ನಾನು ಅಂದು ಎಷ್ಟು ಹೇಳಿದರೂ ನೀನು ತಿರುಗಿ ನೋಡಲಿಲ್ಲ. ಶಾಲೆ ನಡೆಯಿತೇ? ಹೊಸ ಮಾಸ್ತರರು ಒಳ್ಳೆಯವರೇ, ಮೆಲುದನಿಯವರು. ಆದರೆ ಮಕ್ಕಳು 'ಬರಾಕತ್ತೇನ್ರಿ' ಎಂದರೆ ತಪ್ಪೆಂದು ನಿಲ್ಲಿಸಿ, 'ಬರುತ್ತಿದ್ದೇನೆ' ಎನ್ನುವತನಕ ಬಾಗಿಲ ಹೊರಗೇ ನಿಲ್ಲಿಸುತ್ತಿದ್ದರು. ಹೊರಗೆ ನಿಂತ ಮಕ್ಕಳು ಹಾಗೆಯೇ ಮನೆಗೆ ಹೋದವು. ಮಲ್ಲವ್ವನ ಮಗಳೂ ಹೋದಳು. ಮರುವರ್ಷ ಪಡಸಾಲೆಯಲ್ಲಿ ಮತ್ತೆ ಶೇಂಗಾ ಚೀಲ ಏರಿದವು.

ನೀನು ಕಲ್ಯಾಣಕ್ಕೆ, ನನ್ನ ಗಂಡನ ಮನೆಗೆ, ಬಂದು ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದ ಮೊದಲ ದಿನ ನಾನು ಊಟ ಬಿಟ್ಟಿದ್ದೆ. ಶರಣರು ಆಡುಮಾತಿನಲ್ಲೇ ದೇವರನ್ನು ಕರೆದು ಜಗಳವಾಡಿದ ಊರಿದು. ಇಂಥ ಊರಿನ ಸೀಮೆಗೆ ಬಂದು ಇಲ್ಲಿನ ಆಡುಮಾತು ಒರಟು ಎಂದು ಹೇಳಿ ಹೋಗಲು ಒಬ್ಬ ವಿದ್ವಾಂಸನಿಗೆ ನಾಲಗೆ ಹೇಗೆ ಬಂತು? ಅಂಗಡಿಗೆ ಬಂದವರು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ, "ಒರಟ ಐತಲ್ರಿ ಮಾಸ್ತರ" ಎಂದರೆ ನೀನು ಗಜಕಡ್ಡಿ ಕೆಳಗಿಟ್ಟು ಬಟ್ಟೆಯ ಮಡಿಕೆ ಸರಿಮಾಡುತ್ತಿದ್ದೆ. ನಾನು ಕಂಡಿದ್ದೇನೆ. ಆಮೇಲೆ, "ತಾಳ್ತದ ತೊಗೋರಿ" ಎನ್ನುತ್ತಿದ್ದೆ, ಅಷ್ಟೇ.

ಆ ಮಾತನ್ನು ನಾನು ನಿಘಂಟಿನಲ್ಲಿ ಹುಡುಕಿದ್ದು ನೀನು ಹೋದ ಮೇಲೆ. ನೀನು ಕಲಿಸಿದ ಅಕ್ಷರ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿಸುತ್ತದೆ. ಒರಟು: ನುಣುಪಿಲ್ಲದ್ದು, ಸೌಜನ್ಯವಿಲ್ಲದ್ದು. ಎರಡು ಅರ್ಥ ಒಂದೇ ಸಾಲಿನಲ್ಲಿ ಮೈಗೆ ಮೈ ತಾಗಿಸಿ ಕೂತಿವೆ. ನಮ್ಮ ಜನ ಈ ಮಾತನ್ನು ಹಾಗೆ ಬಳಸುವುದಿಲ್ಲ. ಬಾವಿಯ ಹಗ್ಗ ಒರಟಾಗಿರಬೇಕು, ಇಲ್ಲವೆಂದರೆ ಕೊಡ ತುಂಬಿದಾಗ ಕೈ ಜಾರುತ್ತದೆ. ಬೀಸುವ ಕಲ್ಲು ನುಣ್ಣಗಾದರೆ ಉಳಿ ಹೊಡೆಸಿ ಒರಟು ಮಾಡುತ್ತೇವೆ, ಇಲ್ಲವೆಂದರೆ ಜೋಳ ಇಡಿಯಾಗಿಯೇ ಹೊರಬೀಳುತ್ತದೆ. ಮನುಷ್ಯರಿಗೂ ಅಂತೇವೆ, ಇಲ್ಲವೆಂದಲ್ಲ: "ಮಾತು ಒರಟ ಅದ, ಮನಸ ಹಾಲಿನಂಥಾದ್ದು" ಎಂದು ಮಾತನ್ನೂ ಮನಸ್ಸನ್ನೂ ಬೇರೆ ಮಾಡಿ ಅಂತೇವೆ. ಬೇರೆ ಮಾಡುವಷ್ಟು ತಾಳ್ಮೆ ಬೇಕು, ಅಷ್ಟೇ. ಅಧ್ಯಕ್ಷರು ಕಂಬಳಿಯಿಂದ ಭಾಷೆಗೆ ಹಾರಿದರು, ಭಾಷೆಯಿಂದ ನಿನಗೆ ಹಾರಿದರು. ನಡುವೆ ಎಲ್ಲಿಯೂ ಕಾಲೂರಲಿಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಹತ್ತಿರ ಬಂದವರಿಗೆ ಕಲ್ಲು ಮುಳ್ಳು ಕಂಡರೆ ತಪ್ಪೇನಲ್ಲ. ಕಂಡ ಕೂಡಲೇ ಬೆಟ್ಟವೇ ಕೆಟ್ಟದ್ದೆಂದು ಸಾರುವುದು ತಪ್ಪು.

ನಲವತ್ತಾರರ ಜ್ವರದಲ್ಲಿ ನೀನು ಕಣ್ಣು ಮುಚ್ಚಿದೆ. ಒಂದು ಲೆಕ್ಕಕ್ಕೆ ಮುಂದಿನದನ್ನು ನೋಡದೆ ಹೋದದ್ದೇ ಒಳ್ಳೆಯದಾಯಿತೋ ಏನೋ. ಆಮೇಲಿನ ಎರಡು ವರ್ಷ ನಾವು ಕದ ಹಾಕಿಕೊಂಡು ಉಸಿರಾಡಿದೆವು. ನಿಜಾಮರ ಕಡೆಯವರು ನುಗ್ಗಿ ಕೊಂದ ಗೋರ್ಟಾ ಊರಿನಿಂದ ಓಡಿಬಂದವರು ನಮ್ಮ ಪಡಸಾಲೆಯಲ್ಲಿ ಕೂತಾಗ ಅವರನ್ನು ಏನಾಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ... ಅದನ್ನು ಬರೆಯಲು ನನ್ನ ಕೈ ಇನ್ನೂ ಗಟ್ಟಿಯಾಗಿಲ್ಲ. ನಿಜಾಮರ ಆ ರಾಜ್ಯ ಈಗ ಇಲ್ಲ, ಅಣ್ಣಾ. ಅರ್ಜಿ ಇಲ್ಲ, ಇಜಾಜತ್ ಇಲ್ಲ. ಹುಮನಾಬಾದಿನ ಬಾಜಾರದಲ್ಲಿ ಅಂಗಡಿಯ ಹಲಗೆಗಳ ಮೇಲೆ ಕನ್ನಡ ಅಕ್ಷರ ಬರೆಸುತ್ತಿದ್ದಾರೆ. ಕೆಲವು ಹಲಗೆಗಳಲ್ಲಿ ತಪ್ಪಿವೆ. ನೀನಿದ್ದರೆ ಬೀದಿಯಲ್ಲೇ ನಿಂತು ಕೂಗಾಡುತ್ತಿದ್ದೆ.

ಹೋದ ತಿಂಗಳು ಅದೇ ಮಾಸಪತ್ರಿಕೆ ನನ್ನ ಕೈಗೆ ಬಂತು. ಅದೇ ಅಧ್ಯಕ್ಷರು ನಮ್ಮ ಸೀಮೆಯ ಬಗ್ಗೆ ಬರೆದಿದ್ದಾರೆ. ಏನೆಂದು ಗೊತ್ತೇ? ಗಡಿನಾಡಿನ ಕನ್ನಡದ ಒರಟುತನವೇ ಅದರ ಸೊಗಸಂತೆ! ಆ ಸೊಗಸನ್ನು ಕಾಪಾಡಲು ಈ ಭಾಗದಲ್ಲಿ ಮೊತ್ತಮೊದಲ ಕನ್ನಡ ಶಾಲೆ ಕಟ್ಟಿದ್ದು ಅವರ ಸಂಘವಂತೆ. ಹುಮನಾಬಾದಿನ ಹೆಸರಿದೆ. ಪಡಸಾಲೆಯ ಹೆಸರಿದೆ. ನಿನ್ನ ಹೆಸರಿಲ್ಲ. ಬೈಯಲು ಬಳಸಿದ ಮಾತನ್ನೇ ಈಗ ಹಾರ ಮಾಡಿ ನಮ್ಮ ಕೊರಳಿಗೆ ಹಾಕುತ್ತಿದ್ದಾರೆ; ಆ ಮಾತಿನಿಂದ ಹೊಡೆಸಿಕೊಂಡವನು ಮಾತ್ರ ಎಲ್ಲಿಯೂ ಇಲ್ಲ. ಬೈದಾಗ ಇದ್ದ ಹೆಸರು ಹೊಗಳುವಾಗ ಎಲ್ಲಿ ಹೋಯಿತು?

ನಿನ್ನೆ ಆ ಬರಹವನ್ನು ನಮ್ಮ ಮನೆಯವರ ಮುಂದೆ ಓದಿದೆ. ಬರುವ ಸೋಮವಾರ ಕಲ್ಯಾಣದಲ್ಲಿ ಸಂಘದ ಬಹಿರಂಗ ಸಭೆ, ಅವರೇ ಅಧ್ಯಕ್ಷರು, ನಾನು ಎದ್ದು ನಿಂತು ಕೇಳುತ್ತೇನೆ ಎಂದೆ. ನಮ್ಮ ಮನೆಯವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಹೆಣಮಕ್ಕಳು ಸಭಾದಾಗ ಎದ್ದು ಜವಾಬ ಕೇಳಿದ್ರ ಏನಂತಾರ ಗೊತ್ತದೇನು?"

"ಗೊತ್ತದ. ಒರಟ ಹೆಂಗಸು ಅಂತಾರ."

"ಮತ್ತ?"

"ಅನ್ನಲಿ. ನಮ್ಮ ವಂಶಕ್ಕ ಹೊಸಾದಲ್ಲ."

ಅವರು ನಗಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, "ಮುಂದಿನ ಸಾಲಿನ್ಯಾಗ ಕೂಡು. ಹಿಂದಿದ್ರ ದನಿ ಮುಟ್ಟಂಗಿಲ್ಲ" ಎಂದರು.

ಆದ್ದರಿಂದ ಮುಂದಿನ ಸಾಲಿನಲ್ಲಿ ಕೂಡುತ್ತೇನೆ, ಅಣ್ಣಾ. ನೀನು ಬೇಡವೆನ್ನುತ್ತೀ ಎಂದು ಗೊತ್ತು. ನಿನ್ನ ಮೌನ ನಿನ್ನದು, ಅದನ್ನು ನಾನು ಮುಟ್ಟುವುದಿಲ್ಲ. ಗದ್ದುಗೆಯ ಅರ್ಥ ಹೇಳಿ ನಿನ್ನ ಮಾನವನ್ನು ಬಿಡಿಸಿ ತೋರಿಸಲು ಹೋಗುವುದೂ ಇಲ್ಲ. ನಾನು ಕೇಳುವುದು ಅವರು ಮಾಡಿದ್ದನ್ನು. ಅಧ್ಯಕ್ಷರೇ, ಊರಿನ ಜನ ಕಟ್ಟಿದ ಶಾಲೆಯನ್ನು, ಅದನ್ನು ಕಟ್ಟಿದವನನ್ನು ಕರೆದು ಒಂದೇ ಒಂದು ಪ್ರಶ್ನೆ ಕೇಳದೆ, ಯಾವ ಅಧಿಕಾರದಿಂದ ತೆಗೆದುಕೊಂಡಿರಿ? ತೆಗೆದುಕೊಂಡು ಮುಚ್ಚಿದ್ದನ್ನು ಇಂದು ಯಾವ ಬಾಯಿಂದ ನಿಮ್ಮದೆನ್ನುತ್ತೀರಿ? ಒರಟುತನ ಸೊಗಸು ಎಂದು ಈಗ ತಿಳಿದಿದ್ದರೆ, ಅಂದು ಬರೆದದ್ದು ತಪ್ಪೆಂದು ಅದೇ ಪತ್ರಿಕೆಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಶರಣಪ್ಪ ಮಾಸ್ತರ ಎಂಬ ಹೆಸರು ಹಾಕಿ ಯಾಕೆ ಬರೆಯಲಿಲ್ಲ? ನನ್ನ ಮನೆಗೆ ಬಂದು ಸಮಾಧಾನ ಹೇಳುವುದು ಬೇಡ, ಕಾಗದದಲ್ಲಿ ವಿಷಾದ ತಿಳಿಸುವುದು ಬೇಡ. ಸೋಮವಾರ, ವೇದಿಕೆಯ ಮೇಲೆ, ಕಲ್ಯಾಣದ ಜನರ ಮುಂದೆ, ನನ್ನ ಅಣ್ಣನ ಹೆಸರು ಹೇಳಿ ಉತ್ತರ ಕೊಡಿ.